ಪರಧನ, ಕರುಬು, ತಣಿವು: ಉತ್ತರ ಕೊಂಕಣ ಮತ್ತು ಕಲ್ಯಾಣದ ಆಕರಗಳ ಒಂದು ಪರಿಶೀಲನೆ

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಕನ್ನಡಿಗರ ಸಭೆಯೊಂದರಲ್ಲಿ ವಚನಕಾರ್ತಿಯರನ್ನು ಕುರಿತು ಮಾತನಾಡುವ ಅವಕಾಶ ನನಗೆ ಒದಗಿತ್ತು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ವಿವರಿಸಿ, ಅನ್ಯರ ಸಿರಿಯನ್ನು ಕಂಡು ಕರುಬದೆ ತನ್ನ ದುಡಿಮೆಯ ಫಲದಲ್ಲಿ ತಣಿಯುವುದೇ ಶರಣರ ಜೀವನಾದರ್ಶವೆಂದು ಹೇಳಿ ಉಪನ್ಯಾಸವನ್ನು ಮುಗಿಸಿದೆನು. ಸಭೆ ಚದುರಿದ ಮೇಲೆ ಹಿರಿಯ ಸಭಿಕರೊಬ್ಬರು ಬಳಿಗೆ ಬಂದು, ಈ ಮಾತನ್ನು ಯಾರಿಗೆ ಹೇಳಿದ್ದು, ಒಂದು ಖೋಲಿಯಲ್ಲಿ ಆರು ಮಂದಿ ಇರುವವರಿಗೋ ಅಥವಾ ಆರು ಕಟ್ಟಡಗಳನ್ನು ಇಟ್ಟುಕೊಂಡವರಿಗೋ ಎಂದು ಕೇಳಿದರು. ಆಗ ನಾನು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆ ಪ್ರಶ್ನೆಗೆ ಮಧ್ಯಕಾಲೀನ ಆಕರಗಳು ಏನು ಹೇಳುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಂತೃಪ್ತಿಯನ್ನು ನಾವು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ಮನಸ್ಸಿನ ಗುಣವೆಂದು ಭಾವಿಸುತ್ತೇವೆ. ಆದರೆ ಶಾಸನಗಳಲ್ಲಿಯೂ ವಚನಗಳಲ್ಲಿಯೂ ಈ ವಿಷಯವು ಬಹುಮಟ್ಟಿಗೆ 'ಪರಧನ' ಅಥವಾ 'ಪರದತ್ತಿ' ಎಂಬ ಪರಿಕಲ್ಪನೆಯ ಸುತ್ತ ಬೆಳೆದಿದೆ. ಎಂದರೆ ಅಲ್ಲಿನ ಪ್ರಶ್ನೆ 'ನನಗೆ ಎಷ್ಟು ಬೇಕು' ಎಂಬುದಷ್ಟೇ ಅಲ್ಲ, 'ಅನ್ಯರದ್ದಾಗಿರುವುದನ್ನು ತೆಗೆದುಕೊಳ್ಳುವ ಸಾಮರ್ಥ್ಯವುಳ್ಳವನು ಹೇಗೆ ನಡೆದುಕೊಳ್ಳಬೇಕು' ಎಂಬುದೂ ಹೌದು. ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಈ ಪರಂಪರೆಯನ್ನು ತಪ್ಪಾಗಿ ಓದುವ ಅಪಾಯವಿದೆ.

1. ಎರಡು ಕಲ್ಯಾಣಗಳು

ಹೊರನಾಡಿನ ಸಂಶೋಧಕರ ಅನುಕೂಲಕ್ಕಾಗಿ ಮೊದಲಿಗೆ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ಬಸವಣ್ಣನವರ ಕಲ್ಯಾಣವು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 11ನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಿಂದ ಅದು ರಾಜಧಾನಿಯಾಗಿ ಪ್ರಸಿದ್ಧಿಗೆ ಬಂದಿತು. ಠಾಣೆ ಜಿಲ್ಲೆಯ ಕಲ್ಯಾಣವು ಅದಕ್ಕಿಂತ ಬಹಳ ಹಿಂದಿನ ಬಂದರು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ಭಾಷೆಯ ಪೆರಿಪ್ಲಸ್ ಗ್ರಂಥದಲ್ಲಿ ಅದರ ಉಲ್ಲೇಖವಿದೆ. ಕಾನ್ಹೇರಿಯ ಪ್ರಾಕೃತ ಶಾಸನಗಳಲ್ಲಿ ಬೌದ್ಧ ಸಂಘಕ್ಕೆ ದಾನ ನೀಡಿದ 'ಕಲಿಯಣ'ದ ನಿವಾಸಿಗಳು ಕಾಣಿಸಿಕೊಳ್ಳುತ್ತಾರೆ. ಹೀಗೆ ಒಂದು ಕಲ್ಯಾಣ ಸಮುದ್ರ ವ್ಯಾಪಾರದ ಊರು, ಇನ್ನೊಂದು ರಾಜ್ಯಭಂಡಾರದ ಊರು. ಇವೆರಡಕ್ಕೂ ಹೆಸರಿನ ಸಾಮ್ಯವಲ್ಲದೆ ನೇರ ಸಂಬಂಧವನ್ನು ಕಲ್ಪಿಸುವುದು ಸರಿಯಲ್ಲ. ಆದರೆ ಎರಡೂ ಧನವು ಹರಿದು ಬಂದು ನೆಲೆಸಿದ ಸ್ಥಳಗಳಾದುದರಿಂದ, ಪರಧನದ ಪ್ರಶ್ನೆ ಎರಡೂ ಕಡೆಗಳಲ್ಲಿ ತೀವ್ರವಾಗಿ ಎದ್ದಿತೆಂಬುದು ಸಹಜವಾಗಿಯೇ ಇದೆ.

2. ಅರಸನಿಗೆ ಹೇಳಿದ ತಣಿವು

9ನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರು. ಕಾನ್ಹೇರಿಯ ಗುಹೆಗಳಲ್ಲಿರುವ ಶಕ 765, 775 ಮತ್ತು 799ರ, ಎಂದರೆ ಸುಮಾರು ಕ್ರಿ.ಶ. 843, 853 ಮತ್ತು 877ರ ಶಾಸನಗಳು ಶಿಲಾಹಾರ ಪುಲ್ಲಶಕ್ತಿ ಹಾಗೂ ಎರಡನೆಯ ಕಪರ್ದಿಯ ಕಾಲದವು. ಅವುಗಳಲ್ಲಿ ಸಾರ್ವಭೌಮನಾಗಿ ಹೆಸರಿಸಲ್ಪಟ್ಟವನು ಅಮೋಘವರ್ಷ. ಶಕ 775ರ ಶಾಸನವು ದೂರದ ಗೌಡ ದೇಶದಿಂದ ಬಂದ ಅವಿಘ್ನಾಕರನೆಂಬ ಬೌದ್ಧ ಉಪಾಸಕನು ಭಿಕ್ಷುಗಳಿಗಾಗಿ 100 ದ್ರಮ್ಮಗಳ ಶಾಶ್ವತ ನಿಧಿಯನ್ನು ಇರಿಸಿದ ಸಂಗತಿಯನ್ನು ದಾಖಲಿಸುತ್ತದೆ. ಜೈನ ಧರ್ಮದತ್ತ ಒಲವುಳ್ಳ ಸಾರ್ವಭೌಮ, ಅವನ ಶೈವ ಸಾಮಂತ, ಹೊರನಾಡಿನ ಬೌದ್ಧ ದಾನಿ ಎಂಬ ಮೂವರು ಒಂದೇ ಶಾಸನದ ಚೌಕಟ್ಟಿನಲ್ಲಿ ಕಾಣಿಸಿಕೊಳ್ಳುವುದು ಗಮನಾರ್ಹ.

ಇದೇ ಅಮೋಘವರ್ಷನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು 'ಕಸವರ' ಎಂಬ ಶಬ್ದವನ್ನು ಅಸಾಧಾರಣವಾದ ಅರ್ಥದಲ್ಲಿ ಬಳಸಿರುವುದು ಕನ್ನಡ ವಿದ್ವಾಂಸರಿಗೆಲ್ಲ ವಿದಿತವೇ ಆಗಿದೆ. ಕಸವರವೆಂದರೆ ಬಂಗಾರ, ಸಂಪತ್ತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಿಕೊಳ್ಳುವ ಶಕ್ತಿಯೇ ನಿಜವಾದ ಕಸವರವೆಂಬುದು ಆ ಗ್ರಂಥದ ಅಭಿಪ್ರಾಯ. ಈ ಪದ್ಯವನ್ನು ಧಾರ್ಮಿಕ ಸಹಿಷ್ಣುತೆಯ ನಿದರ್ಶನವಾಗಿ ಅನೇಕ ಬಾರಿ ಉದ್ಧರಿಸಲಾಗಿದೆ. ಆದರೆ ಅದು ಸಂಪತ್ತಿನ ಪುನರ್ವ್ಯಾಖ್ಯಾನವೂ ಹೌದೆಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ. ಪರರದ್ದು ಎಂಬುದರ ಎದುರಿನಲ್ಲಿ ಕರುಬಿಗೂ ಕಬಳಿಕೆಗೂ ಬದಲಾಗಿ ಸೈರಣೆಯನ್ನು ಇರಿಸಿ, ಅದನ್ನೇ ಸಿರಿಯೆಂದು ಕರೆದಿರುವುದು ಇಲ್ಲಿನ ವಿಶೇಷ.

ಅಮೋಘವರ್ಷನ ಹೆಸರಿನಲ್ಲಿ ಪ್ರಚಲಿತವಾಗಿರುವ ಪ್ರಶ್ನೋತ್ತರರತ್ನಮಾಲಿಕೆ ಎಂಬ ಸಂಸ್ಕೃತ ಕೃತಿಯ ಕರ್ತೃತ್ವದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಅದನ್ನು ಶಂಕರಾಚಾರ್ಯರಿಗೆ ಆರೋಪಿಸುವ ಸಂಪ್ರದಾಯವೂ ಉಂಟು. ಅಮೋಘವರ್ಷನ ಕೃತಿಯೆಂದು ಹೇಳುವ ಪಾಠದ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನು ಇದನ್ನು ರಚಿಸಿದನೆಂಬ ಮಾತಿದೆ. ಅತೃಪ್ತಿಯನ್ನು ಮನುಷ್ಯನ ದುಃಖಗಳ ಸಾಲಿನಲ್ಲಿ ಎಣಿಸುವ ಈ ಕೃತಿಯನ್ನು ರಾಜ್ಯ ಬಿಟ್ಟ ಅರಸನ ಹೆಸರಿಗೆ ಸೇರಿಸಬೇಕೆಂದು ಪರಂಪರೆಗೆ ತೋರಿದ್ದು ಅರ್ಥಪೂರ್ಣವಾಗಿದೆ. ಇದಕ್ಕೆ ಪೂರಕವಾದ ಇನ್ನೊಂದು ಆಕರ ಸಂಜಾನ್ ತಾಮ್ರಪಟ. ಶಕ 793ರ, ಎಂದರೆ ಕ್ರಿ.ಶ. 871ರ ಈ ಪಟಗಳು ದೊರೆತ ಸಂಜಾನ್ ಆಗ ಠಾಣೆ ಜಿಲ್ಲೆಗೆ ಸೇರಿದ್ದು, ಇಂದು ಗುಜರಾತಿನ ವಲಸಾಡ್ ಜಿಲ್ಲೆಯಲ್ಲಿದೆ. ಲೋಕಕ್ಕೆ ಬಂದ ವಿಪತ್ತನ್ನು ನಿವಾರಿಸಲು ಅಮೋಘವರ್ಷನು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದೂ ರಾಜ್ಯವನ್ನು ಒಂದಕ್ಕಿಂತ ಹೆಚ್ಚು ಬಾರಿ ತೊರೆದನೆಂದೂ ಅದು ಹೊಗಳುತ್ತದೆ. ಪ್ರಶಸ್ತಿಗಳ ಮಾತನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಯಾವ ಗುಣವನ್ನು ಹೊಗಳಿಕೆಗೆ ಆರಿಸಿಕೊಳ್ಳಲಾಗಿದೆ ಎಂಬುದು ಇತಿಹಾಸಕಾರನಿಗೆ ಮುಖ್ಯ. ಸಂಪದ್ದೇವತೆಯಾದ ಲಕ್ಷ್ಮಿಗೆ ಅರಸನು ಕೊಡುತ್ತಿದ್ದಾನೆಯೇ ಹೊರತು ಅವಳಿಂದ ಪಡೆಯುತ್ತಿಲ್ಲ. 'ಸಾಕು' ಎಂಬ ನಿಲುವನ್ನು ಇಲ್ಲಿ ಎಲ್ಲಕ್ಕಿಂತ ಹೆಚ್ಚು ಉಳ್ಳವನಿಂದಲೇ ನಿರೀಕ್ಷಿಸಲಾಗಿದೆ.

3. ಶಾಪದ ಕಲ್ಲು

ಉತ್ತರ ಕೊಂಕಣದ ಶಿಲಾಹಾರರ ಸಂಸ್ಕೃತ ಶಾಸನಗಳಲ್ಲಿ 'ನನ್ನಿಸಮುದ್ರ', 'ಮಲಗಲಗಂಡ' ಮುಂತಾದ ಕನ್ನಡ ಬಿರುದುಗಳು ಬರುತ್ತವೆ. ನನ್ನಿ ಎಂದರೆ ಸತ್ಯ. 1787ರಲ್ಲಿ ಠಾಣೆಯ ಕೋಟೆಯಲ್ಲಿ ನೆಲ ಅಗೆಯುವಾಗ ದೊರೆತ ಅರಿಕೇಸರಿಯ ತಾಮ್ರಪಟಗಳು ಶಕ 939ರವು, ಎಂದರೆ ಕ್ರಿ.ಶ. 1017ರವು. ಅದರಲ್ಲಿನ ಮಂತ್ರಿ ವಾಸಪೈಯ ಮತ್ತು ದಾನ ಪಡೆದ ತಿಕ್ಕಪೈಯ ಎಂಬ ಹೆಸರುಗಳು ಕನ್ನಡ ನಾಡಿನ ಹೆಸರುಗಳ ಜಾಡಿನವೇ ಆಗಿವೆ. ಈ ದಾನವನ್ನು ಮುಂದೆ ಬರುವ ಅರಸರು ರಕ್ಷಿಸಬೇಕೆಂಬ ಪ್ರಾರ್ಥನೆಯೂ ಅಪಹರಿಸಿದವರಿಗೆ ಮಹಾಪಾತಕದ ಶಾಪವೂ ಇಲ್ಲಿವೆ. ಕನ್ನಡ ದಾನಶಾಸನಗಳಲ್ಲಿಯೂ ಇದೇ ಬಗೆಯ ಶಾಪಾಶಯಗಳು ಸಾವಿರಾರು ಸಂಖ್ಯೆಯಲ್ಲಿ ದೊರೆಯುತ್ತವೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಅದನ್ನು ಕಸಿದುಕೊಂಡವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗುವನೆಂಬುದು ಅವುಗಳಲ್ಲಿ ಬಹಳ ಬಳಕೆಯದು.

ಈ ಶಾಪದ ಅತ್ಯಂತ ಕಠೋರ ರೂಪವನ್ನು ಕೊಂಕಣದಲ್ಲಿ 'ಗಧೇಗಾಳ' ಎಂದು ಕರೆಯಲಾಗುವ ಕಲ್ಲುಗಳಲ್ಲಿ ಕಾಣುತ್ತೇವೆ. ಠಾಣೆ, ರಾಯಗಡ ಮತ್ತು ಮುಂಬಯಿ ಪರಿಸರದಲ್ಲಿ ಇಂಥ ಕಲ್ಲುಗಳು ಹಲವು ದೊರೆತಿವೆ. ಶಿಲಾಹಾರರ ಕಾಲದಲ್ಲಿ ಕಾಣಿಸಿಕೊಂಡು ಮುಂದಿನ ಶತಮಾನಗಳಲ್ಲಿಯೂ ಈ ಪದ್ಧತಿ ಮುಂದುವರಿಯಿತು. ಕಲ್ಲಿನ ಮೇಲ್ಭಾಗದಲ್ಲಿ ದಾನವು ಆಚಂದ್ರಾರ್ಕವಾಗಿ ನಿಲ್ಲಬೇಕೆಂಬುದನ್ನು ಸೂಚಿಸುವ ಸೂರ್ಯಚಂದ್ರರು, ನಡುವೆ ಬರಹ, ಕೆಳಗೆ ಕತ್ತೆಯೊಂದು ಹೆಂಗಸನ್ನು ಆಕ್ರಮಿಸುವ ದೃಶ್ಯ. ದಾನವನ್ನು ಮುರಿದವನ ತಾಯಿಗೆ ಈ ಗತಿಯಾಗಲೆಂಬುದು ಅದರ ತಾತ್ಪರ್ಯ. ಓದುಬರಹ ಬಾರದವರಿಗೂ ಅರ್ಥವಾಗುವ ಭಾಷೆ ಅದು.

ಈ ಕಲ್ಲುಗಳನ್ನು ಕೇವಲ ಅಶ್ಲೀಲವೆಂದು ಬದಿಗೆ ಸರಿಸುವುದು ಸರಿಯಲ್ಲ. ಇವುಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಶಾಪವು ಮುಖ್ಯವಾಗಿ ಗುರಿಯಿಡುವುದು ಬಡ ಒಕ್ಕಲನ್ನಲ್ಲ. ದತ್ತಿಯ ಭೂಮಿಯನ್ನು ಕಸಿದುಕೊಳ್ಳುವ ಬಲವುಳ್ಳವರು ಅರಸರು, ಅಧಿಕಾರಿಗಳು ಮತ್ತು ಸ್ಥಳೀಯ ಪ್ರಭುಗಳು. ಪರಧನದ ಆಸೆಯನ್ನು ಈ ಸಮಾಜ ಬಲಿಷ್ಠರ ರೋಗವೆಂದು ಗುರುತಿಸಿತ್ತು. ಎರಡನೆಯದಾಗಿ, ಆ ರೋಗಕ್ಕೆ ಕಂಡುಕೊಂಡ ಮದ್ದು ಭಯ. ಆ ಭಯಕ್ಕೆ ಒತ್ತೆಯಾಗಿ ಇಟ್ಟದ್ದು ಹೆಂಗಸಿನ ಶರೀರ. ಗಂಡಸಿನ ದುರಾಸೆಗೆ ದಂಡ ತೆರಬೇಕಾದವಳು, ಒಂದು ಮಾತನ್ನೂ ಆಡದೆ ಕಲ್ಲಿನಲ್ಲಿ ಉಳಿದ ಅವನ ತಾಯಿ. ಕಲ್ಯಾಣದ ಸಮೀಪದ ಅಂಬರನಾಥದಲ್ಲಿ ಶಕ 982ರ, ಎಂದರೆ ಕ್ರಿ.ಶ. 1060ರ ಶಾಸನವುಳ್ಳ ಶಿವಾಲಯದ ಭವ್ಯ ಶಿಲ್ಪಗಳನ್ನು ನೋಡಿ ಹಿಂದಿರುಗುವ ಅಭ್ಯಾಸಿಯು ಅದೇ ಕಾಲದ, ಅದೇ ನೆಲದ ಈ ಒರಟು ಕಲ್ಲುಗಳನ್ನೂ ಜೊತೆಯಲ್ಲಿಟ್ಟು ಓದಬೇಕು.

4. ಲಕ್ಕಮ್ಮನ ಅಳತೆ

ಗಧೇಗಾಳದಲ್ಲಿ ಮೂಕಳಾಗಿರುವ ಹೆಂಗಸು ಮಾತನಾಡುವುದನ್ನು ಕೇಳಬೇಕಾದರೆ ನಾವು ಇನ್ನೊಂದು ಕಲ್ಯಾಣಕ್ಕೆ, 12ನೆಯ ಶತಮಾನದ ನಡುಭಾಗಕ್ಕೆ ಬರಬೇಕು. ಬಿಜ್ಜಳನು ಆಳುತ್ತಿದ್ದ ಕಾಲವದು. ಬಸವಣ್ಣನವರು ಅವನ ಭಂಡಾರಿಗಳು, ಎಂದರೆ ವೃತ್ತಿಯಿಂದಲೇ ಪರಧನವನ್ನು ಕೈಯಲ್ಲಿ ಹಿಡಿದವರು. ಅರಸನ ಧನವನ್ನು ಅವರು ಜಂಗಮರಿಗೆ ವೆಚ್ಚ ಮಾಡುತ್ತಿದ್ದಾರೆಂಬ ದೂರು ಬಂದು, ಲೆಕ್ಕ ನೋಡಿದಾಗ ಒಂದಿಷ್ಟೂ ಕಡಿಮೆಯಿರಲಿಲ್ಲವೆಂಬ ಕಥೆ ವೀರಶೈವ ಪುರಾಣಗಳಲ್ಲಿ ಬರುತ್ತದೆ. ಪವಾಡದ ಅಂಶವನ್ನು ಬಿಟ್ಟು ನೋಡಿದರೂ, ಆ ಸಮುದಾಯವು ತನ್ನ ನಾಯಕನ ಶೀಲವನ್ನು ಯಾವ ಒರೆಗಲ್ಲಿನಲ್ಲಿ ಪರೀಕ್ಷಿಸಲು ಬಯಸಿತೆಂಬುದು ಇದರಿಂದ ತಿಳಿಯುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪುವುದಿಲ್ಲ. ಈ ಹೆಚ್ಚಳವು ನಿನ್ನ ಮನಸ್ಸಿನದೋ ಕೊಟ್ಟವರದೋ ಎಂದು ವಿಚಾರಿಸುತ್ತಾಳೆ, ಆಸೆಯೆಂಬುದು ಅರಸರಿಗೆ ಸೇರಿದ್ದೆಂದು ಹೇಳುತ್ತಾಳೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸುತ್ತಾಳೆ. ಈ ಪ್ರಸಂಗವನ್ನು ಕಥನರೂಪದಲ್ಲಿ ಹೆಣೆದ ಶೂನ್ಯಸಂಪಾದನೆಗಳು 15ನೆಯ ಶತಮಾನದಿಂದ ಈಚಿನವು. ಆದುದರಿಂದ ಘಟನೆಯ ವಿವರಗಳನ್ನು 12ನೆಯ ಶತಮಾನದ ದಾಖಲೆಯೆಂದು ಭಾವಿಸದೆ, ಪರಂಪರೆಯು ಉಳಿಸಿಕೊಳ್ಳಬೇಕೆಂದು ಬಯಸಿದ ನೆನಪೆಂದು ಗ್ರಹಿಸುವುದು ಉಚಿತ.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಲಕ್ಕಮ್ಮ ಹಿಂದಿರುಗಿಸಿದ್ದು ಕದ್ದ ವಸ್ತುವನ್ನಲ್ಲ, ಯಾರೂ ಆಕ್ಷೇಪಿಸದ ಅಕ್ಕಿಯನ್ನು. ಶಾಪದ ಕಲ್ಲು ತಡೆಯುವುದು ಅಪಹರಣವನ್ನು ಮಾತ್ರ. ಲಕ್ಕಮ್ಮ ತಡೆಯುವುದು ಅಪಹರಣಕ್ಕೆ ಮೊದಲಿನ ಮನೋವ್ಯಾಪಾರವನ್ನು. ಎರಡನೆಯದಾಗಿ, ಅವಳು ನೆರೆಯವರಿಗಾಗಲಿ ತನಗಿಂತ ಬಡವರಿಗಾಗಲಿ ಉಪದೇಶ ಮಾಡುತ್ತಿಲ್ಲ. ಅವಳ ಅಳತೆ ಅನ್ವಯಿಸುವುದು ತನ್ನ ಮನೆಗೆ, ತನ್ನ ಮೊರಕ್ಕೆ. ಮೂರನೆಯದಾಗಿ, ಆಸೆಯನ್ನು ಅರಸರ ಲಕ್ಷಣವೆಂದು ಕರೆಯುವ ಮೂಲಕ ಅವಳು ಬಡತನದ ಕೀಳರಿಮೆಯನ್ನೇ ತಲೆಕೆಳಗು ಮಾಡುತ್ತಾಳೆ. ಅಕ್ಕಿ ಆಯುವವಳ ದೃಷ್ಟಿಯಲ್ಲಿ ಕೊರತೆಯಿರುವುದು ಅರಮನೆಯಲ್ಲಿ.

ಲಕ್ಕಮ್ಮನ ನಿಲುವು ಒಂಟಿಯಾದುದಲ್ಲ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕ, ಹಾದಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಮುಟ್ಟೆನೆಂದು, ಲಂಚಕ್ಕೆ ಕೈಯೊಡ್ಡೆನೆಂದು ಪ್ರತಿಜ್ಞೆ ಮಾಡುತ್ತಾಳೆ. ಶಾಸನದ ಶಾಪದಂತೆಯೇ ಅವಳ ಮಾತಿನಲ್ಲಿಯೂ ಆಣೆಯ ರೂಪವಿದೆ. ಆದರೆ ಆ ಆಣೆಯನ್ನು ಅವಳು ತನ್ನ ಮೇಲೆಯೇ ಇಟ್ಟುಕೊಳ್ಳುತ್ತಾಳೆ, ಇನ್ನೊಬ್ಬರ ತಾಯಿಯ ಮೇಲಲ್ಲ. ಕೊಂಕಣದ ಕಲ್ಲಿಗೂ ಕಲ್ಯಾಣದ ವಚನಕ್ಕೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೆ ಕಾಯಕವು ಲಿಂಗಪೂಜೆಗಿಂತಲೂ ಮುಂದಿನದು. ಶರಣರ ತಣಿವು ನಿಷ್ಕ್ರಿಯತೆಯಾಗಿರಲಿಲ್ಲವೆಂಬುದಕ್ಕೆ ಅವನ ಪ್ರಸಂಗ ಸಾಕ್ಷಿ. ದುಡಿಯದೆ ತಣಿಯುವುದನ್ನು ಆ ಸಮುದಾಯ ಒಪ್ಪಿರಲಿಲ್ಲ.

5. ಹೊಸ ಕಲ್ಯಾಣದ ಕನ್ನಡಿಗರು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಮರುವರ್ಷ ಮಾರ್ಗವು ಕಲ್ಯಾಣವನ್ನು ಮುಟ್ಟಿತು. ಮುಂದೆ ಈ ಹಳಿಗಳ ಇಕ್ಕೆಲಗಳಲ್ಲಿ ಬೆಳೆದ ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ಅನಂತರ ನವಿಮುಂಬಯಿಯಲ್ಲಿಯೂ ಕರಾವಳಿ ಮತ್ತು ಉತ್ತರ ಕರ್ನಾಟಕದ ಕನ್ನಡಿಗರು ನೆಲೆಸಿದರು. ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದ ಈ ಜನ ಅನ್ಯರ ಸಿರಿಯನ್ನು ಪ್ರತಿದಿನವೂ ಕಣ್ಣೆದುರಿನಲ್ಲಿ ಕಂಡವರು. ಕರುಬಿಗೆ ಕಾರಣಗಳು ಅವರಿಗೆ ಧಾರಾಳವಾಗಿದ್ದುವು. ಅವರ ಸಾಂಸ್ಥಿಕ ಇತಿಹಾಸವನ್ನು ನೋಡಿದಾಗ ಮಾತ್ರ ಬೇರೆಯೇ ಒಂದು ಚಿತ್ರ ದೊರೆಯುತ್ತದೆ. 1902ರಲ್ಲಿ ಮುಂಬಯಿಯ ಮೊಗವೀರರು ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು. ಹಗಲು ದುಡಿಯುವ ಹುಡುಗರಿಗಾಗಿ ಕನ್ನಡಿಗರು ನಡೆಸಿದ ರಾತ್ರಿಶಾಲೆಗಳು ಆ ನಗರದ ಶಿಕ್ಷಣದ ಇತಿಹಾಸದಲ್ಲಿ ಸ್ಥಾನ ಪಡೆದಿವೆ. 1978ರಲ್ಲಿ ಬಿಲ್ಲವರ ಅಸೋಸಿಯೇಷನ್ನಿನ ಪ್ರಯತ್ನದಿಂದ ಭಾರತ್ ಸಹಕಾರಿ ಬ್ಯಾಂಕು ಸ್ಥಾಪಿತವಾಯಿತು. ಡೊಂಬಿವಲಿಯ ಕರ್ನಾಟಕ ಸಂಘ ಶಿಕ್ಷಣ ಸಂಸ್ಥೆಯನ್ನು ನಡೆಸುತ್ತಿದೆ. ಇವರು ತಮ್ಮ ಸ್ಥಿತಿಯನ್ನು ಹಣೆಬರಹವೆಂದು ಒಪ್ಪಿ ಸುಮ್ಮನಾಗಲಿಲ್ಲ. ಅನ್ಯರ ಧನದ ಕಡೆಗೆ ನೋಡುತ್ತ ಕೊರಗಲೂ ಇಲ್ಲ. ತಮ್ಮ ಸಣ್ಣ ಉಳಿತಾಯಗಳನ್ನು ಒಟ್ಟುಗೂಡಿಸಿದರು. ಇದನ್ನು ಕಾಯಕ ದಾಸೋಹಗಳ ನೇರ ಮುಂದುವರಿಕೆಯೆಂದು ಕರೆಯುವುದು ಅತಿಶಯೋಕ್ತಿಯಾದೀತು. ಆದರೆ ಕರುಬಿಗೆ ಉಪದೇಶಕ್ಕಿಂತ ಸಂಸ್ಥೆಯೇ ಹೆಚ್ಚು ಪರಿಣಾಮಕಾರಿಯಾದ ಉತ್ತರವೆಂಬುದನ್ನು ಈ ಅನುಭವ ತೋರಿಸಿಕೊಟ್ಟಿದೆ.

ಇದೇ ಪರಿಸರದಲ್ಲಿ ಪರಧನದ ಪ್ರಶ್ನೆ ಇನ್ನೊಂದು ರೂಪದಲ್ಲಿಯೂ ಎದ್ದಿತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಸಂಸ್ಥೆಯ ಮೂಲಕ ಹೊಸ ನಗರವನ್ನು ಕಟ್ಟುವುದಕ್ಕಾಗಿ ಠಾಣೆ ಮತ್ತು ರಾಯಗಡ ಜಿಲ್ಲೆಗಳ ಹಲವಾರು ಹಳ್ಳಿಗಳ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಆಗ್ರಿ, ಕೋಳಿ ಮುಂತಾದ ಸ್ಥಳೀಯ ಸಮುದಾಯಗಳ ಬೇಸಾಯ, ಉಪ್ಪಿನ ಗದ್ದೆ, ಮೀನುಗಾರಿಕೆಗಳು ಅದರೊಡನೆ ಹೋದುವು. ದಿ. ಬಾ. ಪಾಟೀಲರ ನೇತೃತ್ವದಲ್ಲಿ ನಡೆದ ಚಳವಳಿಯ ಸಂದರ್ಭದಲ್ಲಿ, 1984ರ ಜನವರಿ 16 ಮತ್ತು 17ರಂದು ಉರಣ ತಾಲ್ಲೂಕಿನಲ್ಲಿ ಪೊಲೀಸರ ಗೋಲಿಬಾರಿಗೆ ಐವರು ಬಲಿಯಾದರು. ಸ್ವಾಧೀನವಾದ ಜಮೀನಿನ ಶೇಕಡ 12.5ರಷ್ಟು ಅಭಿವೃದ್ಧಿಪಡಿಸಿದ ನೆಲವನ್ನು ಮೂಲ ಭೂಧಾರಕರಿಗೆ ಹಿಂದಿರುಗಿಸುವ ಯೋಜನೆ ಆ ಹೋರಾಟದ ಫಲ. ಈ ರೈತರಿಗೆ ಯಾರಾದರೂ ತಣಿವನ್ನು ಬೋಧಿಸಿದ್ದರೆ ಅದಕ್ಕೆ ಲಕ್ಕಮ್ಮನ ಸಮ್ಮತಿ ದೊರೆಯುತ್ತಿತ್ತೆ? ಅವರು ಕೇಳಿದ್ದು ಪರರ ಧನವನ್ನಲ್ಲ. ಶಾಸನಗಳ ಭಾಷೆಯಲ್ಲಿ ಹೇಳುವುದಾದರೆ, ಅವರು ನಿಂತದ್ದು ಕಲ್ಲನ್ನು ನೆಟ್ಟವರ ಕಡೆಯಲ್ಲಿ. ಈ ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದಾಗ ಸಂತೃಪ್ತಿಯ ಉಪದೇಶವು ಅನ್ಯಾಯದ ಹೊದಿಕೆಯಾಗುತ್ತದೆ.

6. ಉಪಸಂಹಾರ

ಕನ್ನಡದ 'ಸಾಕು' ಎಂಬ ಶಬ್ದವು, ಸಾಲುವುದು, ಪೂರೈಸುವುದು ಎಂಬರ್ಥದ 'ಸಾಲ್' ಧಾತುವಿಗೆ ಸಂಬಂಧಿಸಿದ್ದು. ಅದು ಚತುರ್ಥೀ ವಿಭಕ್ತಿಯನ್ನು ಬಯಸುತ್ತದೆ. 'ನನಗೆ ಸಾಕು' ಎಂದಾಗ ಅದು ತಣಿವು, 'ನಿನಗೆ ಸಾಕು' ಎಂದಾಗ ಅಪ್ಪಣೆ. ಮೇಲೆ ಪರಿಶೀಲಿಸಿದ ಆಕರಗಳಲ್ಲಿ ರಾಜ್ಯವನ್ನು ತೊರೆದನೆಂದು ಹೊಗಳಿಸಿಕೊಂಡ ಅರಸ, ಭಂಡಾರದ ಲೆಕ್ಕವನ್ನು ಒಪ್ಪಿಸಿದ ಭಂಡಾರಿ, ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಿದ ಗೃಹಿಣಿ, ಬಿದ್ದ ಹೊನ್ನನ್ನು ಮುಟ್ಟದ ಕಸಗುಡಿಸುವವಳು, ಎಲ್ಲರೂ ಮೊದಲನೆಯ ವಾಕ್ಯವನ್ನು ಆಡಿದವರು. ಎರಡನೆಯ ವಾಕ್ಯವನ್ನು ಈ ಪರಂಪರೆ ಆಡಿದ್ದು ಕಸಿದುಕೊಳ್ಳುವ ಬಲವುಳ್ಳವನಿಗೆ ಮಾತ್ರ, ಅದೂ ಶಾಪದ ಕಲ್ಲಿನ ಮೂಲಕ.

ಡೊಂಬಿವಲಿಯ ಆ ಹಿರಿಯರ ಪ್ರಶ್ನೆಗೆ ಈಗ ಉತ್ತರಿಸಬೇಕಾದರೆ ಹೀಗೆ ಹೇಳಬಹುದು. ಆರು ಕಟ್ಟಡಗಳಿರುವವನಿಗೆ ಈ ಮಾತನ್ನು ಬೇರೆಯವರೂ ಹೇಳಬಹುದು, ಹೇಳಬೇಕು. ಒಂದು ಖೋಲಿಯಲ್ಲಿ ಆರು ಮಂದಿ ಇರುವ ಮನೆಯಲ್ಲಿ ಅದನ್ನು ಹೇಳುವ ಹಕ್ಕು ಆ ಮನೆಯ ಲಕ್ಕಮ್ಮನಿಗೆ ಮಾತ್ರ ಇದೆ. ಉಪನ್ಯಾಸಕನಿಗೆ ಆ ಹಕ್ಕಿಲ್ಲ.

ಉತ್ತರ ಕೊಂಕಣದ ಗಧೇಗಾಳಗಳನ್ನು ಕನ್ನಡ ನಾಡಿನ ಶಾಪಾಶಯಗಳೊಡನೆಯೂ ವಚನಗಳ ಆಣೆಗಳೊಡನೆಯೂ ತೌಲನಿಕವಾಗಿ ಅಭ್ಯಸಿಸುವ ಕೆಲಸಕ್ಕೆ ಮರಾಠಿ, ಸಂಸ್ಕೃತ, ಕನ್ನಡ ಮೂರನ್ನೂ ಬಲ್ಲ ಹೊರನಾಡಿನ ಸಂಶೋಧಕರೇ ಹೆಚ್ಚು ಅರ್ಹರು. ಠಾಣೆ, ಕಲ್ಯಾಣ, ನವಿಮುಂಬಯಿಗಳ ಸುತ್ತಿನ ಊರುಗಳಲ್ಲಿ ನಿರ್ಮಾಣ ಕಾರ್ಯ ಹಬ್ಬುತ್ತಿರುವಾಗ, ಇಂಥ ಕಲ್ಲುಗಳನ್ನು ಇರುವ ಸ್ಥಳದಲ್ಲಿಯೇ ದಾಖಲಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಪರರ ಭೂಮಿಯನ್ನು ಮುಟ್ಟದಿರೆಂದು ಸಾರಲು ನೆಟ್ಟ ಕಲ್ಲುಗಳು ಭೂಮಿಯ ಆಸೆಯಲ್ಲಿಯೇ ಕಣ್ಮರೆಯಾಗಲು ಬಿಡಬಾರದು.